ಎಷ್ಟು ಜನರ ಲೆಕ್ಕ ಸಾರ್ ಇದು?

ಹೋದ ತಿಂಗಳು ನಮ್ಮ ಮ್ಯಾನೇಜರ್ ಮೀಟಿಂಗ್‌ನಲ್ಲಿ ಒಂದು ಸ್ಲೈಡ್ ತೋರಿಸಿದ್ರು. ಅಡ್ಡಕ್ಕೆ, ಯಾರು ಎಷ್ಟು ದಿನ ಮನೆಯಿಂದ ಕೆಲಸ ಮಾಡಿದ್ರು ಅಂತ. ಉದ್ದಕ್ಕೆ, ಯಾರ ಕೋಡ್‌ನಲ್ಲಿ ಎಷ್ಟು ಬಗ್ ಅಂತ. 'ಕೋರಿಲೇಶನ್ 0.6 ಇದೆ. ಡೇಟಾನೇ ಹೇಳ್ತಿದೆ ನೋಡಿ' ಅಂದ್ರು. ಅಮ್ಮನ ಡಯಾಲಿಸಿಸ್‌ಗೋಸ್ಕರ ವಾರಕ್ಕೆ ಎರಡು ದಿನ ಊರಿಂದಲೇ ಕೆಲಸ ಮಾಡ್ತಿದ್ದ ನನ್ನ ಗೆಳೆಯನಿಗೆ ಅವತ್ತೇ ಆ ಅನುಕೂಲ ತಪ್ಪಿಹೋಯ್ತು.

ಸ್ಲೈಡ್‌ನಲ್ಲಿದ್ದ ಚುಕ್ಕಿಗಳು ಎಂಟು. ನಮ್ಮ ಟೀಮಲ್ಲಿ ಇರೋದೇ ಎಂಟು ಜನ.

ಕಾಗೆ ಕೂತಿದ್ದಕ್ಕೂ ಟೊಂಗೆ ಮುರಿದಿದ್ದಕ್ಕೂ ಸರಿಹೋಯ್ತು ಅಂತ ನಮ್ಮೂರಲ್ಲಿ ನಗ್ತಾರೆ. ಕಾಗೆ ಎಷ್ಟು ಸಲ ಕೂತಿತ್ತು ಅಂತ ಕೇಳೋದೇ ಸಿಗ್ನಿಫಿಕೆನ್ಸ್ ಟೆಸ್ಟ್. ನಾಲ್ಕನೇ ಸೆಮಿಸ್ಟರ್ ಗಣಿತದಲ್ಲಿ ನಾವೆಲ್ಲ ಉರು ಹೊಡೆದು ಮರೆತಿದ್ದು ಅದನ್ನೇ. ಕೋರಿಲೇಶನ್‌ಗೆ 'ಆರ್' ಅನ್ನಿ. ಜನರ ಸಂಖ್ಯೆಯಲ್ಲಿ ಎರಡು ಕಳೆದು, ಅದರ ವರ್ಗಮೂಲದಿಂದ ಆರ್ ಅನ್ನು ಗುಣಿಸಿ. ಒಂದರಲ್ಲಿ ಆರ್‌ನ ವರ್ಗ ಕಳೆದು, ಅದರ ವರ್ಗಮೂಲದಿಂದ ಭಾಗಿಸಿ. ಬರೋದು 'ಟಿ'.

ಅವತ್ತು ರಾತ್ರಿ ಲೆಕ್ಕ ಹಾಕಿದೆ. ಟಿ ಬಂದಿದ್ದು 1.84. ಎಂಟು ಜನಕ್ಕೆ, 5% ಮಟ್ಟದಲ್ಲಿ ಬೇಕಿದ್ದದ್ದು 2.45. ಅಂದ್ರೆ ಆರ್ ಕನಿಷ್ಠ 0.71 ಇರಬೇಕಿತ್ತು. ನಿಜವಾಗಿ ಯಾವ ಸಂಬಂಧ ಇಲ್ಲದಿದ್ರೂ, ಎಂಟು ಜನರಲ್ಲಿ 0.6ರಷ್ಟೋ ಅದಕ್ಕಿಂತ ಹೆಚ್ಚೋ, ಪ್ಲಸ್ಸೋ ಮೈನಸ್ಸೋ, ನೂರಕ್ಕೆ ಸುಮಾರು 12 ಸಲ ಸುಮ್ಮನೆ ಬಂದುಬಿಡುತ್ತೆ. ಹಾಗಂತ ಸಂಬಂಧ ಇಲ್ಲವೇ ಇಲ್ಲ ಅಂತಲೂ ಅಲ್ಲ. ಇನ್ನೂ ಗೊತ್ತಿಲ್ಲ ಅಂತ ಅಷ್ಟೇ. ಗೊತ್ತಿಲ್ಲದ್ದನ್ನ ಹಿಡ್ಕೊಂಡು ಒಬ್ಬರ ಬದುಕಿಗೆ ಕೈ ಹಾಕೋದು ಯಾವ ಸೀಮೆ ಡೇಟಾ ಸೈನ್ಸ್?

ಇದರ ಉಲ್ಟಾ ಆಟನೂ ಇದೆ. ಹತ್ತು ಸಾವಿರ ಜನರ ಡೇಟಾದಲ್ಲಿ ಆರ್ 0.03 ಬಂದ್ರೂ ಟಿ ಬೆಲೆ 3 ಆಗುತ್ತೆ, ಟೆಸ್ಟ್ ಪಾಸು. 'ಸಿಗ್ನಿಫಿಕೆಂಟ್' ಅಂತ ಎಚ್‌ಆರ್ ಚಪ್ಪಾಳೆ ಹೊಡೆಯುತ್ತೆ. ಆದ್ರೆ ಆರ್‌ನ ವರ್ಗ 0.0009. ಏರಿಳಿತದಲ್ಲಿ ನೂರಕ್ಕೆ ಒಂದು ಪಾಲನ್ನೂ ಅದು ವಿವರಿಸಲ್ಲ. ಚಿಕ್ಕ ಟೀಮಲ್ಲಿ ಆರ್ ತೋರಿಸಿ ಹೆದರಿಸೋದು, ದೊಡ್ಡ ಕಂಪನಿಯಲ್ಲಿ ಆರ್ ಮುಚ್ಚಿಟ್ಟು 'ಸಿಗ್ನಿಫಿಕೆಂಟ್' ಅಂತ ಹೆದರಿಸೋದು. ಟೆಸ್ಟ್ ಪಾಸಾದ್ರೂ ಯಾವುದರಿಂದ ಯಾವುದು ಆಯ್ತು ಅನ್ನೋದಕ್ಕೆ ಉತ್ತರ ಸಿಗಲ್ಲ. ಕಷ್ಟದ ಮಾಡ್ಯೂಲ್ ಯಾರ ತಲೆ ಮೇಲಿತ್ತು ಅಂತ ಆ ಸ್ಲೈಡ್ ಕೇಳಿತ್ತಾ?

ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಂಪನಿಯಲ್ಲಿದ್ದ ಗೋಸೆಟ್, 'ಸ್ಟೂಡೆಂಟ್' ಅನ್ನೋ ಹೆಸರಲ್ಲಿ ಚಿಕ್ಕ ಸ್ಯಾಂಪಲ್‌ಗಳ ಲೆಕ್ಕ ಬರೆದಿದ್ದು 1908ರಲ್ಲಿ. ಬಿಯರ್‌ಗೆ ಸಿಕ್ಕ ಆ ಮರ್ಯಾದೆ ನೂರು ವರ್ಷ ಕಳೆದ ಮೇಲೂ ನಮಗೆ ಸಿಕ್ಕಿಲ್ಲ.

ಮುಂದಿನ ಸಲ ಯಾರಾದ್ರೂ ಕೋರಿಲೇಶನ್ ತೋರಿಸಿದ್ರೆ, ದಯವಿಟ್ಟು ಕೈ ಎತ್ತಿ ಕೇಳಿ: ಎಷ್ಟು ಜನರ ಲೆಕ್ಕ ಸಾರ್ ಇದು? ಅವತ್ತು ನಾನು ಕೇಳಲಿಲ್ಲ. ಅಪ್ರೈಸಲ್ ಹತ್ತಿರ ಇತ್ತು.