ಮೊದಲು ಹುಲ್ಲು, ಆಮೇಲೆ ಸವಾರಿ



ಏಪ್ರಿಲ್, ಮೇ ತಿಂಗಳು ಬಂದಿತೆಂದರೆ ನೀಲಗಿರಿಯಲ್ಲಿ ಸೀಸನ್. ಉದಕಮಂಡಲದ ಕೆರೆಯ ಬಳಿ ಮಕ್ಕಳನ್ನು ಕೂರಿಸಿ ಕುದುರೆ ನಡೆಸಿದರೆ ಕೈಗೆ ನಾಲ್ಕು ಕಾಸು ಬರುತ್ತದೆ. ನಮ್ಮ ಲೈನ್ ಮನೆಗಳಿಂದಲೂ ಕೆಲವರು ಆ ಕೆಲಸಕ್ಕೆ ಹೋಗುವುದುಂಟು. ಆ ದುಡಿಮೆಯನ್ನು ನಾವು ಹಗುರವಾಗಿ ಕಾಣುವವರಲ್ಲ. ಆದರೂ ಒಂದು ಮಾತು ಹೇಳಲೇಬೇಕಾಗಿದೆ: ಪಕ್ಕೆಲುಬು ಎಣಿಸಬಹುದಾದ ಕುದುರೆಯ ಮೇಲೆ ಜೀನು ಹಾಕಬಾರದು.

ಡಿಸೆಂಬರ್, ಜನವರಿಯ ಹಿಮಕ್ಕೆ ನಮ್ಮಲ್ಲಿ ಹುಲ್ಲು ಸುಟ್ಟುಹೋಗುತ್ತದೆ. ಮಾರ್ಚ್‌ವರೆಗೂ ಮಳೆ ಕಡಿಮೆ. ಹೀಗಾಗಿ ಕುದುರೆ ಅತ್ಯಂತ ಬಡಕಲಾಗಿರುವಾಗಲೇ ಅದಕ್ಕೆ ಅತಿ ಹೆಚ್ಚು ಕೆಲಸ ಬೀಳುತ್ತದೆ. ಮೇವಿಲ್ಲದೆ ಬೀದಿಗೆ ಬಿಟ್ಟದ್ದು ಕಸದ ತೊಟ್ಟಿಯಲ್ಲಿ ಕೋಸಿನ ಎಲೆಯೊಡನೆ ಪ್ಲಾಸ್ಟಿಕ್ಕನ್ನೂ ನುಂಗುತ್ತದೆ. ಕುದುರೆಗೆ ವಾಂತಿ ಮಾಡಲು ಬಾರದು. ನುಂಗಿದ್ದು ಕರುಳಿನಲ್ಲಿ ಸಿಕ್ಕಿಕೊಂಡರೆ ಹೊಟ್ಟೆಶೂಲೆ ಬಂದು ಸಾಯಬಹುದು.

ಇನ್ನು ಕೆಲವರು ಕರುಣೆಯಿಂದಲೇ ತಪ್ಪು ಮಾಡುತ್ತಾರೆ. ಸೊರಗಿದ ಕುದುರೆಯ ಮುಂದೆ ಒಮ್ಮೆಗೇ ಬುಟ್ಟಿ ತುಂಬ ಹುರುಳಿ, ಬೂಸಾ ಸುರಿಯುತ್ತಾರೆ. ಬಹುದಿನ ಹಸಿದ ದೇಹಕ್ಕೆ ಏಕಾಏಕಿ ಧಾನ್ಯ ಬಿದ್ದರೆ ರಕ್ತದಲ್ಲಿನ ರಂಜಕ ಮುಂತಾದ ಲವಣಗಳು ಕುಸಿದು, ಕೆಲವೇ ದಿನಗಳಲ್ಲಿ ಹೃದಯ ನಿಲ್ಲಬಹುದು. ಆದುದರಿಂದ ಮೊದಲು ಹುಲ್ಲು. ಕುದುರೆ ಮಸಾಲೆ ಸೊಪ್ಪು ದೊರೆತರೆ ಇನ್ನೂ ಒಳ್ಳೆಯದು. ಮೂರು ನಾಲ್ಕು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪವಾಗಿ ಕೊಟ್ಟು, ಹತ್ತು ಹದಿನೈದು ದಿನಗಳಲ್ಲಿ ಹೊಟ್ಟೆತುಂಬ ಮೇವಿಗೆ ತರಬೇಕು. 200 ಕಿಲೋ ತೂಕದ ಚಿಕ್ಕ ಕುದುರೆಗೆ ದಿನಕ್ಕೆ ಸುಮಾರು 4 ಕಿಲೋ ಒಣಹುಲ್ಲು ಬೇಕು. ಹಸಿಹುಲ್ಲಾದರೆ ಅದರ ನಾಲ್ಕೈದು ಪಟ್ಟು. ಬೇಯಿಸಿದ ಹುರುಳಿ ಆಮೇಲೆ, ಒಂದೊಂದು ಹಿಡಿಯಿಂದ ಆರಂಭಿಸಿ.

ಬೇಸಿಗೆಯಲ್ಲಿ ನೆರಳು, ಸದಾ ಶುದ್ಧ ನೀರು, ನೆಕ್ಕಲು ಉಪ್ಪು ಇರಲೇಬೇಕು. ಜರೀಗಿಡ, ಲಂಟಾನ, ತೋಟದಲ್ಲಿ ಮದ್ದು ಹೊಡೆದ ಸಾಲಿನ ಹುಲ್ಲು ಇವನ್ನು ಕೊಡಬಾರದು. ತಿಂದರೂ ಮೈ ಹಿಡಿಯದಿದ್ದರೆ ಹಲ್ಲು ಚೂಪಾಗಿರಬಹುದು, ಜಂತುಹುಳು ಇರಬಹುದು. ಸರ್ಕಾರಿ ಪಶುವೈದ್ಯರಿಗೆ ತೋರಿಸಿ.

ನಾವು ಕಿತ್ತ ಎಲೆಗೆ ದಿನವೂ ತಕ್ಕಡಿ ಇದೆ, ಕುದುರೆಗೆ ಇಲ್ಲ. ಒಂದು ಹಗ್ಗ ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತ ಹಿಡಿದು ಗಂಟು ಹಾಕಿ. ಹದಿನೈದು ದಿನಕ್ಕೊಮ್ಮೆ ಅದೇ ಹಗ್ಗದಲ್ಲಿ ಅಳೆಯಿರಿ. ಸುತ್ತಳತೆ ಗಂಟನ್ನು ದಾಟಿದರೆ ಮೈ ತುಂಬುತ್ತಿದೆ ಎಂದರ್ಥ.

“ಸೀಸನ್ ಹಣ ಬಿಟ್ಟರೆ ಮನೆ ನಡೆಯುವುದು ಹೇಗೆ?” ಎಂದು ಕೇಳುವಿರಿ. ಪ್ರಶ್ನೆ ನ್ಯಾಯವಾದದ್ದೇ. ಬೆನ್ನು ಹುಣ್ಣಾಗಿ ಬಿದ್ದ ಕುದುರೆ ಮುಂದಿನ ಸೀಸನ್ನಿಗೂ ಉಳಿಯದು. ಜೂನ್ ಮಳೆಗೆ ಹುಲ್ಲು ಚಿಗುರುತ್ತದೆ. ಈಗ ಬಿಡುವು ಕೊಟ್ಟು ಮೇಯಿಸಿದರೆ ಸೆಪ್ಟೆಂಬರ್, ಅಕ್ಟೋಬರಿನ ಎರಡನೇ ಸೀಸನ್ನಿಗೆ ಅದು ಸಿದ್ಧವಾದೀತು. ಆ ಮಳೆಗಾಲ ಮುಗಿಯುತ್ತಲೇ ಹುಲ್ಲು ಕೊಯ್ದು ಒಣಗಿಸಿಟ್ಟರೆ ಬರುವ ಏಪ್ರಿಲ್‌ನಲ್ಲಿ ಈ ಸಂಕಟವೇ ಇರುವುದಿಲ್ಲ.

ಇನ್ನೊಂದು ಮಾತು. ಅನೇಕ ಕಡೆ ಕುದುರೆ ಒಬ್ಬರದು, ಲಗಾಮು ಹಿಡಿಯುವ ಹುಡುಗ ಕೂಲಿಯವನು. ಸೊರಗಿದ ಕುದುರೆಯನ್ನು ಅವನು ನಡೆಸಲಾರೆನೆಂದರೆ ಅವನ ದಿನಗೂಲಿ ಹೋಗುತ್ತದೆ. ಕುದುರೆಗೆ ಬಿಡುವು ಕೊಟ್ಟ ದಿನಗಳಲ್ಲೂ ಮೇವು ತಂದು ಆರೈಕೆ ಮಾಡುವವನಿಗೆ ಕೂಲಿ ಸಲ್ಲಬೇಕು. ಆ ಭಾರ ಹೊರಬೇಕಾದವರು ಕುದುರೆಯ ಒಡೆಯರು.

ಖಾಲಿ ಹೊಟ್ಟೆಯಲ್ಲಿ ಗುಡ್ಡ ಹತ್ತುವುದು ಏನೆಂದು ನಮ್ಮ ಹಿರಿಯರು ಬಲ್ಲರು. ಬಾಯಿಲ್ಲದ ಪ್ರಾಣಿಗೆ ಆ ಪಾಡು ನಮ್ಮ ಕೈಯಿಂದ ಬರುವುದು ಬೇಡ.