ಕಪಾಟಿನಲ್ಲೇ ಸಾಯುವ ಗೊಬ್ಬರ

ಹಿಂಗಾರಿಯಲ್ಲಿ ಕಡಲೆ ಬಿತ್ತಿ ತಿಂಗಳು ಕಳೆದ ಮೇಲೆ ಒಂದು ಗಿಡವನ್ನು ಹೆಂಟೆ ಸಮೇತ ಸಲಿಕೆಯಿಂದ ಎತ್ತಿ ನೋಡಿ. ಕೈಯಿಂದ ಕಿತ್ತರೆ ನೋಡಬೇಕಾದ್ದು ಮಣ್ಣಿನಲ್ಲೇ ಉಳಿದುಬಿಡುತ್ತದೆ. ಬಕೆಟ್ ನೀರಿನಲ್ಲಿ ಹೆಂಟೆಯನ್ನು ಅದ್ದಿಟ್ಟರೆ ಎರೆಮಣ್ಣು ನಿಧಾನಕ್ಕೆ ಕರಗಿ ಬೇರು ಕಾಣಿಸಿಕೊಳ್ಳುತ್ತದೆ. ಬೇರಿಗೆ ಅಲ್ಲಲ್ಲಿ ಸಣ್ಣ ಗಂಟುಗಳು ಅಂಟಿಕೊಂಡಿರುತ್ತವೆ. ಒಂದನ್ನು ಉಗುರಿನಿಂದ ಸೀಳಿ. ಒಳಗೆ ನಸುಗೆಂಪು ಇದ್ದರೆ ಗಂಟು ದುಡಿಯುತ್ತಿದೆ ಎಂದರ್ಥ. ಬೆಳ್ಳಗೋ ಹಸಿರಾಗಿಯೋ ಇದ್ದರೆ ಅದರಿಂದ ಗಿಡಕ್ಕೆ ದಕ್ಕುವುದು ಅಷ್ಟಕ್ಕಷ್ಟೆ.

ಆ ಕೆಂಪು ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಹತ್ತಿರದ ಸಂಬಂಧಿ. ಹೆಸರು ಲೆಗ್‌ಹಿಮೋಗ್ಲೋಬಿನ್. ಗಂಟಿನೊಳಗೆ ವಾಸಿಸುವ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಅಮೋನಿಯಾ ಮಾಡಿ ಗಿಡಕ್ಕೆ ಕೊಡುತ್ತದೆ. ಆ ಕೆಲಸ ಮಾಡುವ ಕಿಣ್ವಕ್ಕೆ ಆಮ್ಲಜನಕ ತಾಗಿದರೆ ಕೆಟ್ಟುಹೋಗುತ್ತದೆ, ಬ್ಯಾಕ್ಟೀರಿಯಾಕ್ಕೋ ಉಸಿರಾಡಲು ಆಮ್ಲಜನಕ ಬೇಕೇ ಬೇಕು. ಎರಡನ್ನೂ ತೂಗಿಸಿಕೊಂಡು ಹೋಗುವುದು ಈ ಕೆಂಪು ಪದಾರ್ಥ. ಯೂರಿಯಾ ಕಾರ್ಖಾನೆಯಲ್ಲಿ ಇದೇ ಅಮೋನಿಯಾ ತಯಾರಿಸಲು ಸುಮಾರು 400ರಿಂದ 500 ಡಿಗ್ರಿ ಶಾಖವೂ ವಾಯುಮಂಡಲದ ನೂರಾರು ಪಟ್ಟು ಒತ್ತಡವೂ ಬೇಕು. ಹೊಲದಲ್ಲಿ ಅದು ಮಣ್ಣಿನ ತಂಪಿನಲ್ಲೇ ನಡೆಯುತ್ತದೆ, ಗಿಡ ಬಿಸಿಲಿನಿಂದ ಮಾಡಿಕೊಂಡ ಸಕ್ಕರೆಯ ಬಲದಿಂದ.

ಬೇಳೆಕಾಳು ಬೆಳೆದ ಹೊಲ ಮುಂದಿನ ಬೆಳೆಗೆ ಹದವಾಗುತ್ತದೆಂದು ನಮ್ಮವರು ಬಹಳ ಹಿಂದೆಯೇ ಕಂಡುಕೊಂಡಿದ್ದರು. ರಾಗಿಯ ನಡುವೆ ಅವರೆ, ತೊಗರಿಯ ಅಕ್ಕಡಿ ಸಾಲು ಹಾಕುವ ರೂಢಿಯಲ್ಲಿ ಆ ತಿಳಿವಳಿಕೆಯೂ ಸೇರಿದೆ. ಕಾರಣ ಗೊತ್ತಾದದ್ದು ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ತ್ ಅವರ ಪ್ರಯೋಗಗಳಿಂದ. 1888ರಲ್ಲಿ ಹಾಲೆಂಡಿನ ಬೈಯರಿಂಕ್ ಗಂಟಿನೊಳಗಿನ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿದರು. ಹತ್ತು ವರ್ಷ ತುಂಬುವ ಮೊದಲೇ ನೊಬ್ಬೆ ಮತ್ತು ಹಿಲ್ಟ್‌ನರ್ ಅದನ್ನು 'ನೈಟ್ರಜಿನ್' ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದರು, ಬೆಳೆಗೊಂದರಂತೆ ಬೇರೆ ಬೇರೆ ಬಾಟಲಿಯಲ್ಲಿ.

ಅಲ್ಲಿಂದ ಇಲ್ಲಿಯವರೆಗೆ ಶತಮಾನ ಮೀರಿದೆ. ಆದರೂ ಜೀವಾಣು ಗೊಬ್ಬರದ ಮಾತೆತ್ತಿದರೆ ಅನೇಕ ರೈತರು ಹೇಳುವುದು ಒಂದೇ: 'ಹಾಕಿ ನೋಡೀವಿ, ಏನೂ ಫರಕ್ ಕಾಣ್ಲಿಲ್ರೀ.' ಈ ಮಾತನ್ನು ತಳ್ಳಿಹಾಕುವಂತಿಲ್ಲ. ತಪ್ಪು ವಿಜ್ಞಾನದಲ್ಲಿಲ್ಲ, ರೈತನ ಕೈಯಲ್ಲೂ ಬಹುಪಾಲು ಇಲ್ಲ. ಬ್ಯಾಕ್ಟೀರಿಯಾ ದಾರಿಯಲ್ಲೇ ಸತ್ತುಹೋಗಿರುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ.

ಯೂರಿಯಾ ಚೀಲ ನೆನೆಯದಂತೆ ನೋಡಿಕೊಂಡರೆ ವರ್ಷ ಇಟ್ಟರೂ ಅದು ಯೂರಿಯಾವೇ. ಲಿಗ್ನೈಟ್ ಪುಡಿಯಲ್ಲಿ ಬೆರೆಸಿದ ರೈಜೋಬಿಯಂ ಪ್ಯಾಕೆಟ್ಟಿನ ಆಯುಷ್ಯ ಸುಮಾರು ಆರು ತಿಂಗಳು, ಅದೂ ತಂಪಿನಲ್ಲಿಟ್ಟರೆ. ಮುಂಗಾರಿನ ತೊಗರಿಗೆಂದು ತರಿಸಿದ ಸರಕು ಏಪ್ರಿಲ್, ಮೇ ತಿಂಗಳನ್ನು ಎಲ್ಲಿ ಕಳೆಯುತ್ತದೆ? ಕಲಬುರಗಿ, ರಾಯಚೂರಿನ ಬಿಸಿಲು 40 ಡಿಗ್ರಿ ದಾಟುವಾಗ ತಗಡಿನ ಮಾಡಿನ ಗೋದಾಮಿನಲ್ಲಿ, ಕೀಟನಾಶಕದ ಡಬ್ಬಿಗಳ ಪಕ್ಕದಲ್ಲಿ. ಜೈವಿಕ ಗೊಬ್ಬರಗಳನ್ನು 2006ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ತಂದು ಮಾನದಂಡ ಗೊತ್ತುಮಾಡಲಾಯಿತು. ಒಂದು ಗ್ರಾಂ ಪುಡಿಯಲ್ಲಿ ಕನಿಷ್ಠ 5 ಕೋಟಿ, ದ್ರವರೂಪದ್ದಾದರೆ ಒಂದು ಮಿಲಿಲೀಟರಿನಲ್ಲಿ 10 ಕೋಟಿ ಜೀವಂತ ಕೋಶಗಳಿರಬೇಕು. ಒಳ್ಳೆಯ ಮಾನದಂಡವೇ. ಆದರೆ ತಯಾರಾದ ದಿನ ಇದ್ದ 5 ಕೋಟಿಯಲ್ಲಿ ಬಿತ್ತನೆಯ ದಿನಕ್ಕೆ ಉಳಿದದ್ದೆಷ್ಟು ಎಂಬುದೇ ರೈತನಿಗೆ ಬೇಕಾದ ಲೆಕ್ಕ.

ಬೀಜೋಪಚಾರದ ಹೊತ್ತಿನಲ್ಲೂ ಜೀವ ಹೋಗುವುದುಂಟು. ಅಂಟು ಬರಲೆಂದು ಬೆಲ್ಲವನ್ನು ನೀರಿನಲ್ಲಿ ಕುದಿಸುತ್ತಾರೆ. ಅದು ಪೂರ್ತಿ ಆರುವ ಮೊದಲೇ ಪುಡಿ ಸುರಿದರೆ ಕುದಿಯುವ ಹಾಲಿಗೆ ಹೆಪ್ಪು ಹಾಕಿದಂತೆ. ಆರಿದ ಪಾಕವನ್ನು ಬೀಜಕ್ಕೆ ಚಿಮುಕಿಸಿ, ಪುಡಿ ಹಾಕಿ, ಸಿಪ್ಪೆ ಸುಲಿಯದಂತೆ ಹಗುರವಾಗಿ ಕೈಯಾಡಿಸಿ, ಗೋಣಿತಟ್ಟಿನ ಮೇಲೆ ನೆರಳಿನಲ್ಲಿ ಹರವಬೇಕು. ಅಂದೇ ಬಿತ್ತಿಬಿಡಬೇಕು. ಶಿಲೀಂಧ್ರನಾಶಕ, ಕೀಟನಾಶಕದ ಉಪಚಾರವೂ ಇದ್ದರೆ ಅವು ಮೊದಲು, ಜೀವಾಣು ಕೊನೆಗೆ. ಈ ಸರದಿ ತಪ್ಪಿದರೆ ಉಳಿದದ್ದೆಲ್ಲ ಸರಿಯಿದ್ದೂ ಪ್ರಯೋಜನವಿಲ್ಲ.

ಅತಿಯಾದ ಭರವಸೆ ಕೊಡುವವರಿಂದಲೂ ಈ ಗೊಬ್ಬರಕ್ಕೆ ಹಾನಿಯಾಗಿದೆ. ಕಡಲೆಗೆ ಹೊಂದುವ ರೈಜೋಬಿಯಂ ಸೋಯಾಕ್ಕೆ ಒಗ್ಗುವುದಿಲ್ಲ. ತಲೆಮಾರುಗಳಿಂದ ಕಡಲೆ ಬೆಳೆದ ಹೊಲದ ಮಣ್ಣಿನಲ್ಲಿ ಅದರ ಬ್ಯಾಕ್ಟೀರಿಯಾ ಆಗಲೇ ನೆಲೆಯೂರಿರುತ್ತದೆ, ಅಲ್ಲಿ ಪ್ಯಾಕೆಟ್ಟಿನಿಂದ ಇಳುವರಿ ಎದ್ದು ಕಾಣುವಷ್ಟು ಏರದೇ ಇರಬಹುದು. ಸೋಯಾ ಮೊದಲ ಸಲ ಕಾಲಿಟ್ಟ ಹೊಲದಲ್ಲಿ ಮಾತ್ರ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಯೂರಿಯಾ ಧಾರಾಳವಾಗಿ ಹಾಕಿದ ಕಡೆ ಗಿಡ ಗಂಟು ಕಟ್ಟುವ ಗೋಜಿಗೇ ಹೋಗುವುದಿಲ್ಲ. ರಾಗಿ, ಜೋಳಕ್ಕೆ ಕೊಡುವ ಅಜೋಸ್ಪಿರಿಲಂ ಬೇರು ಹುಲುಸಾಗಲು ನೆರವಾಗುತ್ತದೆ, ಬೇಕಾದ ಸಾರಜನಕದಲ್ಲಿ ಒಂದು ಪಾಲನ್ನಷ್ಟೇ ಒದಗಿಸುತ್ತದೆ. ಇದನ್ನು ರೈತನಿಗೆ ಮೊದಲೇ ಬಿಚ್ಚಿ ಹೇಳಬೇಕು.

ಸೋಯಾದ ಮಾತು ಬಂದಾಗ ಯೋಹಾನ್ನಾ ಡೋಬರೈನರ್ ಅವರನ್ನು ನೆನೆಯದೆ ಇರಲಾರೆ. ಯೂರೋಪಿನ ಯುದ್ಧದ ಹಾವಳಿ ಕಂಡು ಬ್ರೆಜಿಲ್‌ಗೆ ವಲಸೆ ಹೋದ ಆಕೆ ರಿಯೊ ಡಿ ಜನೈರೊ ಹತ್ತಿರದ ಸೆರೊಪೆಡಿಕಾದಲ್ಲಿ ಮಣ್ಣಿನ ಬ್ಯಾಕ್ಟೀರಿಯಾಗಳ ಅಧ್ಯಯನಕ್ಕೆ ಕೂತರು. ಆ ದೇಶ ಸೋಯಾ ತಳಿಗಳನ್ನು ಸಾರಜನಕ ಗೊಬ್ಬರದ ಮೇಲಲ್ಲ, ಬ್ಯಾಕ್ಟೀರಿಯಾದ ಮೇಲೆ ನೆಚ್ಚಿ ಅಭಿವೃದ್ಧಿಪಡಿಸಬೇಕೆಂದು ಪಟ್ಟುಹಿಡಿದರು. ಬ್ರೆಜಿಲ್‌ನ ವಿಶಾಲ ಸೋಯಾ ಹೊಲಗಳು ಇಂದು ಹೆಚ್ಚುಕಡಿಮೆ ಸಾರಜನಕ ಗೊಬ್ಬರವಿಲ್ಲದೆಯೇ ಬೆಳೆಯುತ್ತಿವೆ. ಅದು ಪ್ಯಾಕೆಟ್ ಹಂಚಿದ್ದರಿಂದಷ್ಟೇ ಆದದ್ದಲ್ಲ. ತಳಿ, ಬ್ಯಾಕ್ಟೀರಿಯಾ, ಗುಣಮಟ್ಟ ಮೂರನ್ನೂ ಒಟ್ಟಿಗೆ ಹಿಡಿದಿದ್ದರು.

ನಮ್ಮಲ್ಲೂ ತಿಳಿವಳಿಕೆಗೆ ಬರವಿಲ್ಲ. ಬೇರಿನೊಡನೆ ಬೆಳೆದು ಗಿಡಕ್ಕೆ ರಂಜಕ ತಂದುಕೊಡುವ ಮೈಕೊರೈಜಾ ಶಿಲೀಂಧ್ರದ ಬಗ್ಗೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ.ಜೆ. ಭಾಗ್ಯರಾಜ್ ದಶಕಗಳ ಕಾಲ ಕೆಲಸ ಮಾಡಿದ್ದಾರೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಜೀವಾಣು ಗೊಬ್ಬರವನ್ನು ತಾನೇ ತಯಾರಿಸಿ ಕೊಡುತ್ತದೆ. ಕೊರತೆ ಇರುವುದು ಪ್ರಯೋಗಾಲಯದಿಂದ ಹೊಲದವರೆಗಿನ ಹಾದಿಯಲ್ಲಿ.

ಆ ಹಾದಿಯನ್ನು ಸರಿಪಡಿಸಲು ಭಾರೀ ಯೋಜನೆಯೇನೂ ಬೇಡ. ರೈತ ಸಂಪರ್ಕ ಕೇಂದ್ರಕ್ಕೊಂದು ತಂಪು ಪೆಟ್ಟಿಗೆ ಕೊಡಲಿ. ಮೇ ತಿಂಗಳಲ್ಲಿ ತಾಲ್ಲೂಕಿನ ಅಂಗಡಿಗಳ ಕಪಾಟಿನಿಂದಲೇ ಮಾದರಿ ತೆಗೆಯಲಿ. ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿ ಎಣಿಸಲು ವಾರ, ಹತ್ತು ದಿನ ಸಾಕು. ಯಾವ ತಂಡದ ಸರಕಿನಲ್ಲಿ ಎಷ್ಟು ಜೀವ ಉಳಿದಿದೆ ಎಂಬ ಪಟ್ಟಿಯನ್ನು ಮುಂಗಾರಿನ ಮೊದಲ ಹದಮಳೆಗೆ ಮುಂಚೆ ಕೇಂದ್ರದ ಗೋಡೆಗೆ ಅಂಟಿಸಲಿ.