ಇನ್ನೊಬ್ಬರ ಪುಣ್ಯಕ್ಕೆ ನನ್ನ ಪಾಪವೇ?

ಯಹೂದಿಗಳ ವಾರದ ವಿಶ್ರಾಂತಿದಿನವಾದ ಸಬ್ಬತ್‌ನಂದು ಯಾರೋ ರೊಟ್ಟಿ ತಟ್ಟಿ, ತಂದೂರಿನಂಥ ಒಲೆಯ ಒಳಗೋಡೆಗೆ ಅಂಟಿಸಿಬಿಟ್ಟಿದ್ದಾನೆ. ಅದು ಬೆಂದರೆ ಅವರ ಮೂಲ ಧರ್ಮಗ್ರಂಥವಾದ ತೋರಾ ನಿಷೇಧಿಸಿದ ಕೆಲಸ ಮಾಡಿದ ದೋಷ ಅವನಿಗೆ ತಗಲುತ್ತದೆ. ಬೇಯುವ ಮೊದಲೇ ಕಿತ್ತರೆ ಪಾರಾಗಬಹುದು. ಆದರೆ ಆ ದಿನ ಒಲೆಯಿಂದ ರೊಟ್ಟಿ ಕೀಳುವುದಕ್ಕೂ ರಬ್ಬಿಗಳ, ಅಂದರೆ ಧರ್ಮಪಂಡಿತರ, ನಿಷೇಧವಿದೆ. ಪಕ್ಕದಲ್ಲಿದ್ದವನು ಈ ಸಣ್ಣ ತಪ್ಪನ್ನು ಮೈಮೇಲೆ ಎಳೆದುಕೊಂಡು ಗೆಳೆಯನನ್ನು ದೊಡ್ಡ ತಪ್ಪಿನಿಂದ ಉಳಿಸಬಹುದೇ?

ರಬ್ಬಿಗಳ ಚರ್ಚೆಗಳ ಸಂಗ್ರಹವಾದ ತಾಲ್ಮುಡ್‌ನಲ್ಲಿ ಈ ಪ್ರಶ್ನೆ ಬಂದಾಗ ಪಂಡಿತ ರವ್ ಶೇಷೆತ್ ತಡೆಯುತ್ತಾರೆ. ಒಬ್ಬನಿಗೆ ಒಳಿತಾಗಲೆಂದು ಇನ್ನೊಬ್ಬನಿಗೆ ಪಾಪ ಮಾಡು ಎನ್ನುವುದುಂಟೇ? ಕಟುವೆನಿಸಿದರೂ ಮಾತಿನಲ್ಲಿ ತೂಕವಿದೆ. ಸದುದ್ದೇಶವೊಂದಿದ್ದರೆ ನಿಯಮ ಮುರಿಯಬಹುದು ಎಂದಾದರೆ, ಮುರಿಯಲು ಹೊರಟ ಯಾರಿಗೂ ಸದುದ್ದೇಶಕ್ಕೆ ಬರವಿರುವುದಿಲ್ಲ.

ಅದೇ ತಾಲ್ಮುಡ್ ಇನ್ನೊಂದು ಕಡೆ ಬೇರೆ ಕಥೆ ಹೇಳುತ್ತದೆ. ಸಾಮೂಹಿಕ ಪ್ರಾರ್ಥನೆಗೆ ಬೇಕಾದ ಹತ್ತು ಜನ ಕೂಡದಿದ್ದಾಗ ರಬ್ಬಿ ಎಲಿಯೆಜರ್ ತಮ್ಮ ಗುಲಾಮನನ್ನು ಬಿಡುಗಡೆ ಮಾಡಿ ಹತ್ತರ ಲೆಕ್ಕ ತುಂಬಿಸಿದರಂತೆ. ಬಿಡುಗಡೆ ಮಾಡುವುದೇ ತಪ್ಪೆನಿಸಿದ್ದ ಕಾಲ. ಇವತ್ತಿನ ಓದುಗನಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುವುದು ಅದೇ. 12-13ನೇ ಶತಮಾನದ ಫ್ರಾನ್ಸ್, ಜರ್ಮನಿಗಳ ತೋಸಾಫೋತ್ ಎಂಬ ತಾಲ್ಮುಡ್ ಟಿಪ್ಪಣಿಗಳ ವ್ಯಾಖ್ಯಾನಕಾರರು ಎರಡನ್ನೂ ಹೊಂದಿಸಿದರು: ಗೆಳೆಯ ತನ್ನ ಅಜಾಗರೂಕತೆಯಿಂದಲೇ ಸಿಕ್ಕಿಬಿದ್ದಿದ್ದರೆ ಶೇಷೆತ್ ಮಾತೇ ಸರಿ; ಅವನ ತಪ್ಪಿಲ್ಲದಿದ್ದರೆ, ಇಲ್ಲವೇ ಬಹುಜನರ ಕರ್ತವ್ಯ ನಿಂತುಹೋಗುವಂತಿದ್ದರೆ, ಸಣ್ಣ ತಪ್ಪಿಗೆ ಎಡೆಯುಂಟು.

ಈ ಮಾತು ಒರೆಗೆ ಹತ್ತಿದ್ದು ರೊಟ್ಟಿಗಿಂತ ಘೋರವಾದ ಪ್ರಸಂಗದಲ್ಲಿ. ಮಗಳನ್ನು ಮತಾಂತರಿಸಲು ಸಬ್ಬತ್ ದಿನ ಹೊತ್ತೊಯ್ದಿದ್ದಾರೆ; ತಂದೆ ಸಬ್ಬತ್ ಮುರಿದು ಬೆನ್ನಟ್ಟಬಹುದೇ? 1310ರಲ್ಲಿ ತೀರಿಕೊಂಡ ಬಾರ್ಸಿಲೋನಾದ ರಬ್ಬಿ ರಶ್ಬಾ ಹಿಂಜರಿದರು. ಸಬ್ಬತ್ ಮುರಿಯಲು ಅನುಮತಿ ಇರುವುದು ಜೀವ ಉಳಿಸಲು, ಇನ್ನೊಬ್ಬರನ್ನು ಪಾಪದಿಂದ ಉಳಿಸಲಲ್ಲ ಎಂಬ ಕಡೆಗೆ ಅವರ ಒಲವು. ಮುಂದೆ ಧರ್ಮಶಾಸ್ತ್ರಜ್ಞ ಯೋಸೆಫ್ ಕಾರೋ ತೋಸಾಫೋತ್ ಮಾತನ್ನೇ ಹಿಡಿದು ಈ ನಿಲುವನ್ನು ತಿರುಗಿಸಿದರು: ಹುಡುಗಿ ಮಾಡಿದ ತಪ್ಪೇನು? 1565ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಅವರ ಧರ್ಮನಿಯಮ ಸಂಹಿತೆ ‘ಶುಲ್ಹಾನ್ ಅರೂಖ್’ ಪ್ರಕಾರ ತಂದೆ ಹೊರಡಲೇಬೇಕು, ಒಪ್ಪದಿದ್ದರೆ ಬಲವಂತದಿಂದ ಹೊರಡಿಸಬೇಕು.

20ನೇ ಶತಮಾನದಲ್ಲಿ ಪ್ರಶ್ನೆ ಮನೆಯ ಊಟದ ಮೇಜಿಗೆ ಬಂತು. ಸಬ್ಬತ್ ಊಟಕ್ಕೆ ಕರೆದರೆ ನೆಂಟ ಕಾರಿನಲ್ಲಿ ಬರುತ್ತಾನೆ, ಆ ದಿನ ಕಾರು ಓಡಿಸುವುದು ನಿಷಿದ್ಧ. ನ್ಯೂಯಾರ್ಕಿನ ರಬ್ಬಿ ಮೋಶೆ ಫೈನ್‌ಸ್ಟೈನ್, ಕಾರಿಲ್ಲದೆ ಬರಲಾಗದಷ್ಟು ದೂರದವರನ್ನು ಪ್ರಾರ್ಥನೆಗೂ ಕರೆಯಬಾರದು ಎಂದರು. ಹತ್ತಿರದಲ್ಲೇ ಮಲಗಲು ಜಾಗ ಕೊಡುವುದಾದರೆ ಕರೆಯಬಹುದು ಎಂದವರು ಜೆರುಸಲೇಮಿನ ರಬ್ಬಿ ಶ್ಲೋಮೋ ಜಲ್ಮಾನ್ ಔರ್‌ಬಾಖ್. ಊಟಕ್ಕೆ ಮುನ್ನ ಸ್ತುತಿ ಹೇಳದವನಿಗೆ ಬಡಿಸುವ ವಿಷಯದಲ್ಲೂ ಅವರು ಹೀಗೇ ತೂಗಿದ್ದರು: ಬಡಿಸದೆ ಕಳಿಸಿ ಧರ್ಮದ ಮೇಲೇ ದ್ವೇಷ ಹುಟ್ಟಿಸಿದರೆ ಅದು ಇನ್ನೂ ದೊಡ್ಡ ಪಾಪಕ್ಕೆ ದೂಡಿದಂತೆ.

ಮಗಳ ವಿಷಯದಲ್ಲಿ ನಾನು ಕಾರೋ ಪಕ್ಷ. ನೆಂಟನ ವಿಷಯ ಅಷ್ಟು ಸಲೀಸಲ್ಲ: ಅವನನ್ನು ಯಾರೂ ಹೊತ್ತೊಯ್ದಿಲ್ಲ, ಕಾರಿನ ಕೀಲಿ ಅವನ ಕೈಯಲ್ಲೇ ಇದೆ. ಹಾಸಿಗೆ ನಿಜಕ್ಕೂ ಹಾಸಿಟ್ಟು ಕರೆಯುವವನಿಗೆ ಔರ್‌ಬಾಖ್ ತೀರ್ಪು ಸಲ್ಲುತ್ತದೆ. ನೆಪಕ್ಕೆ ಹಾಸಿಗೆಯ ಮಾತಾಡುವವನು ಫೈನ್‌ಸ್ಟೈನ್ ಹೇಳಿದ್ದಕ್ಕೇ ಬದ್ಧನಾಗಿರಬೇಕು.